ಎದುರುಬದುರಾಗಿ ನಿಂತ ಪದಗಳು
(ಕನ್ನಡ ಕೂಟದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬ ಕನ್ನಡ ಕೂಟದ ವೇದಿಕೆಯೇರಿದರೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಬಗ್ಗೆ ಎಚ್ಚರಿಸುತ್ತಾನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಪಕ್ಕದ ಕೋಣೆಯಿಂದ ಬಿಸಿಬೇಳೆ ಭಾತಿನ ಪರಿಮಳ ಬರುತ್ತಿರುವ ಈ ಹೊತ್ತಿನಲ್ಲಿ ಆ ವಿಷಯವನ್ನೆತ್ತುವ ಧೈರ್ಯ ನನಗಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಪದಗಳನ್ನು ಕುರಿತು, ಅದರಲ್ಲಿಯೂ ಇಂಗ್ಲಿಷಿನ ವಿರುದ್ಧಪದಗಳನ್ನು ಕುರಿತು. ಭಾಷಾಶಾಸ್ತ್ರ ನನ್ನ ವೃತ್ತಿಯಲ್ಲ. ಆದರೆ ಈ ಕಥೆಯ ನಾಯಕನೂ ಒಬ್ಬ ವೈದ್ಯನೇ ಆಗಿರುವುದರಿಂದ ನನಗೆ ಸ್ವಲ್ಪ ಹಕ್ಕಿದೆಯೆಂದು ಭಾವಿಸಿದ್ದೇನೆ.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷನ್ನು ಕಲಿತದ್ದು ಪಟ್ಟಿಗಳಿಂದ. ಒಂದು ಕಡೆ ಪದ, ಅದರೆದುರಿಗೆ ವಿರುದ್ಧಪದ. ಬಿಗ್‌ಗೆ ಸ್ಮಾಲ್, ಹಾಟ್‌ಗೆ ಕೋಲ್ಡ್, ಓಲ್ಡ್‌ಗೆ ನ್ಯೂ. ಗಣಿತದ ಮಗ್ಗಿಯಂತೆ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದೆವು. ಮುಂದೆ ಅಮೆರಿಕಕ್ಕೆ ಬರಲು ಜಿ.ಆರ್.ಇ. ಪರೀಕ್ಷೆಗೆ ಕುಳಿತವರು ಮತ್ತೆ ಅದೇ ವಿರುದ್ಧಪದಗಳ ರಾಶಿಯನ್ನು ರಾತ್ರಿಯೆಲ್ಲ ಉರು ಹೊಡೆದರು. ಈ ಬಗೆಯ ಪ್ರಶ್ನೆಗಳನ್ನು ಎಸ್.ಎ.ಟಿ. ಪರೀಕ್ಷೆಯಿಂದ 1994ರಲ್ಲಿ, ಜಿ.ಆರ್.ಇ.ಯಿಂದ 2011ರಲ್ಲಿ ಕೈಬಿಡಲಾಯಿತು. ಇಲ್ಲಿ ಕುಳಿತಿರುವ ಮಕ್ಕಳು ಅಷ್ಟರಮಟ್ಟಿಗೆ ಪುಣ್ಯವಂತರು. ಆದರೆ ಪಟ್ಟಿ ಹೋದರೂ ಪಟ್ಟಿ ಕಲಿಸಿದ ನಂಬಿಕೆ ನಮ್ಮ ಮನಸ್ಸಿನಿಂದ ಹೋಗಿಲ್ಲ. ಪ್ರತಿ ಪದಕ್ಕೂ ಒಂದು ನಿಶ್ಚಿತವಾದ ಎದುರುಪದವಿದೆ, ಅದು ಎಲ್ಲ ಕಾಲಕ್ಕೂ ಎಲ್ಲ ಸ್ಥಳಕ್ಕೂ ಒಂದೇ ಎಂಬುದೇ ಆ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಪಟ್ಟಿ ಬರೆಯುತ್ತಿದ್ದ ಹುಡುಗ

ಪೀಟರ್ ಮಾರ್ಕ್ ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್ನಿನಲ್ಲಿ. ಹೆಸರಿನ ಕೊನೆಯಲ್ಲಿ ‘ಟಿ’ ಅಕ್ಷರವಿದ್ದರೂ ಅದು ಉಚ್ಚಾರಣೆಗೆ ಬರುವುದಿಲ್ಲ. ಅದು ಫ್ರೆಂಚ್ ಮನೆತನದ ಹೆಸರು. ತಂದೆ ಜಿನೀವಾ ನಗರದಿಂದ ಬಂದು ಲಂಡನ್ನಿನ ಫ್ರೆಂಚ್ ಪ್ರಾಟೆಸ್ಟಂಟ್ ಚರ್ಚೊಂದರಲ್ಲಿ ಪಾದ್ರಿಯಾಗಿದ್ದವರು. ಅಂದರೆ ರೋಜೆಯೂ ನಮ್ಮ ಮಕ್ಕಳಂತೆ ವಲಸೆ ಬಂದ ಮನೆಯ ಮಗ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಹುಡುಗನಿಗೆ ನಾಲ್ಕು ವರ್ಷ ತುಂಬಿದ ಕಾಲಕ್ಕೆ ತಂದೆ ಕ್ಷಯರೋಗದಿಂದ ತೀರಿಕೊಂಡರು. ಎಂಟರ ವಯಸ್ಸಿನಲ್ಲೇ ಅವನು ಪದಗಳನ್ನು ಪುಸ್ತಕದಲ್ಲಿ ಗುಂಪು ಗುಂಪಾಗಿ ಬರೆದಿಡತೊಡಗಿದ್ದ. ಲೋಕದ ಅಸ್ತವ್ಯಸ್ತತೆಯನ್ನು ಪಟ್ಟಿಯಲ್ಲಿ ಹಿಡಿದಿಡುವುದು ಆ ಒಂಟಿ ಹುಡುಗನಿಗೆ ಸಮಾಧಾನ ತರುತ್ತಿದ್ದಿರಬೇಕು ಎಂಬುದು ಜೀವನಚರಿತ್ರಕಾರರ ಊಹೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿ, 1798ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೇ ಎಂ.ಡಿ. ಪದವಿ ಪಡೆದರು. ಅಷ್ಟು ಎಳೆಯ ವೈದ್ಯನನ್ನು ನಂಬಿ ಬರುವ ರೋಗಿಗಳು ಯಾರು? ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಯೊಬ್ಬರ ಇಬ್ಬರು ಗಂಡುಮಕ್ಕಳನ್ನು ಯೂರೋಪಿನ ಪ್ರವಾಸಕ್ಕೆ ಕರೆದೊಯ್ಯುವ ಕೆಲಸ ಸಿಕ್ಕಿತು. ಅವರು ಜಿನೀವಾದಲ್ಲಿದ್ದಾಗ, 1803ರಲ್ಲಿ, ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಆರಂಭವಾಯಿತು. ಫ್ರೆಂಚರ ಹಿಡಿತದಲ್ಲಿದ್ದ ನೆಲದ ಮೇಲಿನ ಇಂಗ್ಲಿಷ್ ಗಂಡಸರನ್ನೆಲ್ಲ ಬಂಧಿಸಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದ. ತನ್ನ ತಂದೆ ಜಿನೀವಾದವರು, ಆದುದರಿಂದ ತಾನೂ ಜಿನೀವಾದ ಪ್ರಜೆ ಎಂದು ದಾಖಲೆಗಳಿಂದ ಸಾಧಿಸಿ ರೋಜೆ ಹುಡುಗರೊಂದಿಗೆ ಪಾರಾದರು. ಪೌರತ್ವದ ಕಾಗದಪತ್ರಗಳ ಬೆಲೆಯೇನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಅನಂತರ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾದರು. ಅಲ್ಲಿಯೇ 1805ರಲ್ಲಿ, ತಮ್ಮ ಬರವಣಿಗೆಯ ಅನುಕೂಲಕ್ಕಾಗಿ, ಅರ್ಥಾನುಸಾರವಾಗಿ ಜೋಡಿಸಿದ ಪದಗಳ ಒಂದು ಸಣ್ಣ ಕೈಬರಹದ ಕೋಶವನ್ನು ಸಿದ್ಧಪಡಿಸಿಕೊಂಡರು. ಅದು ಅಚ್ಚಾಗಲು ನಲವತ್ತೇಳು ವರ್ಷ ಕಾಯಬೇಕಾಯಿತು. ನಡುವಿನ ಅವಧಿಯಲ್ಲಿ ಅವರು ಮಾಡದ ಕೆಲಸವಿಲ್ಲ. ಹೊಸ ಬಗೆಯ ಸ್ಲೈಡ್ ರೂಲ್ ರಚಿಸಿ 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ತಿರುಗುವ ಗಾಲಿಯ ಅರೆಕಾಲುಗಳು ಸಂದಿಗಳ ಮೂಲಕ ಬಾಗಿದಂತೆ ಕಾಣುವುದೇಕೆ ಎಂಬುದನ್ನು ಕುರಿತು 1824ರಲ್ಲಿ ಪ್ರಬಂಧ ಮಂಡಿಸಿದರು. ಶರೀರಶಾಸ್ತ್ರದ ಬೃಹದ್ಗ್ರಂಥ 1834ರಲ್ಲಿ ಹೊರಬಂತು. 1827ರಿಂದ 1848ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. ದುಃಖಗಳೂ ಕಡಿಮೆಯಿರಲಿಲ್ಲ. ತಂದೆಯ ಸ್ಥಾನದಲ್ಲಿದ್ದ ಸೋದರಮಾವ, ಪ್ರಸಿದ್ಧ ನ್ಯಾಯವಾದಿ ಸ್ಯಾಮ್ಯುಯೆಲ್ ರೊಮಿಲಿ, ಹೆಂಡತಿ ತೀರಿಕೊಂಡ ಕೆಲವೇ ದಿನಗಳಲ್ಲಿ, 1818ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಚಿಕಿತ್ಸೆಗೆ ನಿಂತಿದ್ದ ರೋಜೆಗೆ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಮಡದಿ ಮೇರಿ 1833ರಲ್ಲಿ ಕ್ಯಾನ್ಸರಿಗೆ ತುತ್ತಾದರು.

ಕಾರ್ಯದರ್ಶಿ ಪದವಿಯಿಂದ ನಿವೃತ್ತರಾದ ಮೇಲೆ ಹಳೆಯ ಕೈಬರಹವನ್ನು ಹೊರತೆಗೆದು, ವಿಸ್ತರಿಸಿ, 1852ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ಎಪ್ಪತ್ಮೂರು ವರ್ಷ. ಅದೇ ಇಂದಿಗೂ ರೋಜೆಯ ಥೆಸಾರಸ್ ಎಂದು ಹೆಸರಾಗಿರುವ ಗ್ರಂಥ. 1869ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ತಿದ್ದುತ್ತಲೇ ಇದ್ದರು. ಬಳಿಕ ಮಗ, ಆಮೇಲೆ ಮೊಮ್ಮಗ ಆ ಕೆಲಸವನ್ನು ಮುಂದುವರಿಸಿದರು.

ಕೋಶವೆಂದರೆ ಭಂಡಾರ

ಥೆಸಾರಸ್ ಎಂಬ ಗ್ರೀಕ್ ಮೂಲದ ಪದಕ್ಕೆ ನಿಧಿ, ಭಂಡಾರ ಎಂದು ಅರ್ಥ. ನಮ್ಮ ‘ಕೋಶ’ ಪದಕ್ಕೂ ಅದೇ ಅರ್ಥವಿದೆ. ಈ ಹೋಲಿಕೆ ಆಕಸ್ಮಿಕವಿರಬಹುದು. ಆದರೆ ನಂಟು ಆಕಸ್ಮಿಕವಲ್ಲ. ರೋಜೆ ತಮ್ಮ ಪ್ರಸ್ತಾವನೆಯ ಅಡಿಟಿಪ್ಪಣಿಯಲ್ಲಿ, ತಮಗಿಂತ ಮೊದಲು ಪದಗಳನ್ನು ಅರ್ಥಾನುಸಾರವಾಗಿ ಜೋಡಿಸಲು ಯತ್ನಿಸಿದ ಕೃತಿಗಳನ್ನು ಹೆಸರಿಸುವಾಗ, ಎಲ್ಲಕ್ಕಿಂತ ಹಳೆಯದೆಂದು ಹೇಳುವುದು ನಮ್ಮ ಅಮರಸಿಂಹನ ಅಮರಕೋಶವನ್ನು! ಕೋಲ್‌ಬ್ರೂಕ್ ಅವರ ಇಂಗ್ಲಿಷ್ ಅನುವಾದ ಬಂಗಾಳದ ಸೆರಾಂಪುರದಲ್ಲಿ 1808ರಲ್ಲಿ ಅಚ್ಚಾಗಿತ್ತು.

ಅಮರಕೋಶದ ವಿಂಗಡಣೆ, ಅದರಲ್ಲಿಯೂ ಅಮೂರ್ತ ವಿಚಾರಗಳ ವಿಂಗಡಣೆ, ಅಪೂರ್ಣವೂ ಗೊಂದಲಮಯವೂ ಆಗಿದೆಯೆಂದು ರೋಜೆ ತೀರ್ಪು ಕೊಡುತ್ತಾರೆ. ನಮ್ಮ ಅಜ್ಜಂದಿರು ಇದನ್ನು ಕೇಳಿದ್ದರೆ ಮೀಸೆಯ ಮರೆಯಲ್ಲಿ ನಕ್ಕುಬಿಡುತ್ತಿದ್ದರು. ಅಮರಸಿಂಹನ ಉದ್ದೇಶವೇ ಬೇರೆ. ಅವನದು ಕಂಠಪಾಠಕ್ಕೆಂದು ಶ್ಲೋಕಗಳಲ್ಲಿ ಕಟ್ಟಿದ ಕೋಶ. ಸ್ವರ್ಗದಿಂದ ಆರಂಭಿಸಿ, ಆಕಾಶ, ದಿಕ್ಕು, ಕಾಲಗಳನ್ನು ದಾಟಿ ಪಾತಾಳಕ್ಕಿಳಿದು, ಅನಂತರ ಭೂಮಿಗೆ ಬಂದು ಊರು, ಬೆಟ್ಟ, ಗಿಡಮೂಲಿಕೆ, ಪ್ರಾಣಿ, ಮನುಷ್ಯ ಎಂದು ಸಾಗುತ್ತದೆ. ಮನುಷ್ಯವರ್ಗದಲ್ಲಿ ರೋಗಗಳ ಹೆಸರುಗಳೂ ಅಂಗಾಂಗಗಳ ಹೆಸರುಗಳೂ ಇವೆ. ಅದು ಲೋಕವನ್ನು ಸುತ್ತಿಸಿ ತೋರಿಸುವ ಕ್ರಮ. ರೋಜೆಯದು ವಿಚಾರಗಳನ್ನು ಕೊಯ್ದು ವಿಂಗಡಿಸುವ ಅಂಗರಚನಾಶಾಸ್ತ್ರಜ್ಞನ ಕ್ರಮ: ಆರು ದೊಡ್ಡ ವರ್ಗಗಳು, ಅವುಗಳೊಳಗೆ ಒಂದು ಸಾವಿರ ಶೀರ್ಷಿಕೆಗಳು.

ರೋಜೆಯ ನಿಜವಾದ ಹೊಸತನವಿರುವುದು ಪುಟದ ವಿನ್ಯಾಸದಲ್ಲಿ. ಸಾಧ್ಯವಿರುವೆಡೆಯಲ್ಲೆಲ್ಲ ಅವರು ಪುಟವನ್ನು ಎರಡು ಅಂಕಣಗಳಾಗಿ ಸೀಳಿ, ಎಡಕ್ಕೆ ಒಂದು ಭಾವದ ಪದಗಳನ್ನೂ ಬಲಕ್ಕೆ ಅದರ ವಿರುದ್ಧ ಭಾವದ ಪದಗಳನ್ನೂ ಎದುರುಬದುರಾಗಿ ನಿಲ್ಲಿಸಿದರು. ಆಗಿನ್ನೂ ‘ಆಂಟೊನಿಮ್’ ಎಂಬ ಪದವೇ ಇರಲಿಲ್ಲ. ಸಮಾನಾರ್ಥಕ್ಕೆ ಹೇಳುವ ‘ಸಿನೊನಿಮ್’ ಇಂಗ್ಲಿಷಿನಲ್ಲಿ ಶತಮಾನಗಳಿಂದ ಇತ್ತು. ಅದರ ಜೊತೆಗಾರ ಹುಟ್ಟಿದ್ದು 1867ರಲ್ಲಿ, ಚಾರ್ಲ್ಸ್ ಜಾನ್ ಸ್ಮಿತ್ ಎಂಬ ಪಾದ್ರಿ ತಮ್ಮ ಪದಕೋಶಕ್ಕಾಗಿ ಅದನ್ನು ಟಂಕಿಸಿದಾಗ. ಗ್ರೀಕಿನ ‘ಆಂಟಿ’ ಅಂದರೆ ಎದುರು, ‘ಒನೊಮ’ ಅಂದರೆ ಹೆಸರು. ಈ ‘ಒನೊಮ’ ನಮ್ಮ ‘ನಾಮ’ದ ಒಡಹುಟ್ಟು.

ಎರಡಲ್ಲ, ಮೂರು, ಒಂದಲ್ಲ, ಹಲವು

ಎದುರುಬದುರಾಗಿ ನಿಲ್ಲಿಸಹೊರಟ ರೋಜೆಗೆ ಬಹುಬೇಗ ಒಂದು ಸಂಗತಿ ಹೊಳೆಯಿತು. ಹಲವು ಜೋಡಿಗಳ ನಡುವೆ ಮೂರನೆಯದೊಂದು ನಿಂತಿರುತ್ತದೆ. ಭೂತಕ್ಕೂ ಭವಿಷ್ಯಕ್ಕೂ ನಡುವೆ ವರ್ತಮಾನ. ಉಬ್ಬಿಗೂ ತಗ್ಗಿಗೂ ನಡುವೆ ಸಮತಲ. ಬಯಕೆಗೂ ಜಿಗುಪ್ಸೆಗೂ ನಡುವೆ ಉದಾಸೀನ. ಕೊರತೆಗೂ ಅತಿರೇಕಕ್ಕೂ ನಡುವೆ ಸಾಕಷ್ಟು. ಈ ಕೊನೆಯ ಉದಾಹರಣೆಯಲ್ಲಿ ನನಗೆ ವೈದ್ಯನ ಕೈ ಕಾಣಿಸುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗುವುದಕ್ಕೆ ವಿರುದ್ಧವಾದುದು ಕಡಿಮೆಯಾಗುವುದು. ಆದರೆ ರೋಗಿಗೆ ಬೇಕಾದದ್ದು ಅವೆರಡೂ ಅಲ್ಲ, ನಡುವಿನದು.

ಎರಡನೆಯದಾಗಿ, ಒಂದೇ ಪದಕ್ಕೆ ಹಲವು ಎದುರುಪದಗಳಿರುತ್ತವೆಂದೂ ಅವರು ತೋರಿಸಿದರು. ಓಲ್ಡ್ ಎಂಬುದು ವಸ್ತುವಿಗೆ ಅನ್ವಯಿಸಿದಾಗ ಅದರ ವಿರುದ್ಧಪದ ನ್ಯೂ, ಜೀವಿಗೆ ಅನ್ವಯಿಸಿದಾಗ ಯಂಗ್. ಕನ್ನಡಿಗನಿಗೆ ಇಲ್ಲಿ ತೊಡಕೇ ಇಲ್ಲ. ನಾವು ಮೊದಲೇ ಬೇರೆ ಬೇರೆ ಪದಗಳನ್ನಿಟ್ಟುಕೊಂಡಿದ್ದೇವೆ: ಮನೆ ಹಳೆಯದು, ಮನುಷ್ಯ ಮುದುಕ. ‘ಹಳೆಯ ಅಜ್ಜಿ’ ಎಂದು ಮಗುವೊಂದು ಹೇಳಿದರೆ ನಾವು ನಗುತ್ತೇವೆ. ನಕ್ಕ ಮೇಲೆ, ಆ ಮಗು ಇಂಗ್ಲಿಷಿನ ನಕ್ಷೆಯನ್ನು ಹಿಡಿದುಕೊಂಡು ಕನ್ನಡದ ಊರಿನಲ್ಲಿ ನಡೆಯುತ್ತಿದೆಯೆಂಬುದನ್ನು ನೆನಪಿಡಬೇಕು.

ನನ್ನ ವೃತ್ತಿಯ ಒಂದು ಪದವನ್ನೇ ತೆಗೆದುಕೊಳ್ಳಿ: ಅಕ್ಯೂಟ್. ಲ್ಯಾಟಿನ್ ಮೂಲದಲ್ಲಿ ‘ಹರಿತ’ ಎಂದರ್ಥ. ಜ್ಯಾಮಿತಿಯಲ್ಲಿ ಅದರ ವಿರುದ್ಧ ಅಬ್ಟ್ಯೂಸ್, ನಾವು ಶಾಲೆಯಲ್ಲಿ ಕಲಿತ ವಿಶಾಲಕೋನ. ಬುದ್ಧಿಗೆ ಹೇಳಿದಾಗ ವಿರುದ್ಧಪದ ಡಲ್, ಅಂದರೆ ಮಂದ. ರೋಗಕ್ಕೆ ಹೇಳಿದಾಗ ಕ್ರಾನಿಕ್, ಅಂದರೆ ದೀರ್ಘಕಾಲದ್ದು. ಅಕ್ಯೂಟ್ ಎಂದೊಡನೆ ರೋಗಿಯ ಮನೆಯವರು ‘ಬಹಳ ಗಂಭೀರ’ವೆಂದು ತಿಳಿದು ಕಂಗಾಲಾಗುವುದುಂಟು. ವೈದ್ಯನ ಮನಸ್ಸಿನಲ್ಲಿರುವುದು ಮುಖ್ಯವಾಗಿ ‘ಇದ್ದಕ್ಕಿದ್ದಂತೆ ಆರಂಭವಾದದ್ದು’ ಎಂಬುದಷ್ಟೆ. ನೆಗಡಿಯೂ ಅಕ್ಯೂಟ್ ಆಗಿರಬಹುದು. ಕ್ರಾನಿಕ್ ಎಂದು ನಾವು ಉದಾಸೀನ ಮಾಡಿದ ಮೂತ್ರಪಿಂಡದ ಕಾಯಿಲೆ ಪ್ರಾಣವನ್ನೇ ತೆಗೆಯಬಹುದು.

ಪಕ್ಷಾಂತರ ಮಾಡಿದ ಪದಗಳು

ಪದಗಳು ರಾಜಕಾರಣಿಗಳಂತೆ ಪಕ್ಷಾಂತರವನ್ನೂ ಮಾಡುತ್ತವೆ. ಇಂದು ಮಾತುಮಾತಿಗೂ ಬಳಸುವ ‘ನೈಸ್’ ಲ್ಯಾಟಿನ್ ಭಾಷೆಯಲ್ಲಿ ‘ಏನೂ ಅರಿಯದವನು’ ಎಂಬ ಅರ್ಥದ ಪದದಿಂದ ಬಂದದ್ದು; ಇಂಗ್ಲಿಷಿಗೆ ಬಂದಾಗ ಅದು ಬೈಗುಳವಾಗಿತ್ತು. ‘ಸಿಲ್ಲಿ’ಯ ಪಯಣ ಇದಕ್ಕೆ ತದ್ವಿರುದ್ಧ. ಹಳೆಯ ಇಂಗ್ಲಿಷಿನಲ್ಲಿ ಅದು ಧನ್ಯ, ಪುಣ್ಯವಂತ. ಬರಬರುತ್ತ ಮುಗ್ಧ, ಪಾಪದವನು, ಕೊನೆಗೆ ಪೆದ್ದ. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟಿದ ಪದಕ್ಕೆ ಇಂದಿಗೂ ಧನ್ಯನೆಂಬ ಅರ್ಥವೇ ಉಳಿದಿದೆ.

ಇನ್ನು ಕೆಲವು ಪದಗಳು ಎರಡು ದೋಣಿಗಳಲ್ಲೂ ಕಾಲಿಟ್ಟಿರುತ್ತವೆ. ‘ಸ್ಯಾಂಕ್ಷನ್’ ಎಂದರೆ ಅನುಮತಿಯೂ ಹೌದು, ದಂಡನೆಯೂ ಹೌದು. ‘ಲೆಟ್’ ಎಂದರೆ ಬಿಡು ಎಂದು ನಾವೆಲ್ಲ ಬಲ್ಲೆವು. ಆದರೆ ಅದೇ ಉಚ್ಚಾರಣೆಯ ಇನ್ನೊಂದು ಹಳೆಯ ಪದಕ್ಕೆ ‘ತಡೆ’ ಎಂದರ್ಥ. ಅದನ್ನು ನೋಡಲು ಪುಸ್ತಕ ಭಂಡಾರಕ್ಕೆ ಹೋಗಬೇಕಾಗಿಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ, ರಾಷ್ಟ್ರಪತಿಗಳ ಹೆಸರಿನ ಕೋರಿಕೆಯಲ್ಲಿ, ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂಬ ಮಾತಿದೆ: ಯಾವ ತಡೆ, ಅಡ್ಡಿಗಳೂ ಇಲ್ಲದೆ ಈತನನ್ನು ಹೋಗಗೊಡಿ ಎಂದು. ಬ್ರಿಟಿಷ್ ಪಾಸ್‌ಪೋರ್ಟಿನಲ್ಲೂ ಇದೇ ಮಾತಿದೆ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ‘ಲೆಟ್’ ಇರುವ ಜಾಗದಲ್ಲಿ ‘ಡಿಲೇ’ ಇದೆ. ಸಾಗರ ದಾಟಿ ಬರುವಾಗ ನಾವೆಲ್ಲ ಈ ಹಳೆಯ ಪದವನ್ನು ಕಿಸೆಯಲ್ಲಿಟ್ಟುಕೊಂಡೇ ಬಂದೆವು. ಓದಿ ನೋಡಿದವರು ಎಷ್ಟು ಮಂದಿಯೋ!

ಒಂದೇ ಪದ ಒಂದೇ ಕಾಲದಲ್ಲಿ ಎರಡು ದೇಶಗಳಲ್ಲಿ ವಿರುದ್ಧವಾದ ಅರ್ಥಗಳನ್ನು ಹೊತ್ತಿರುವುದೂ ಉಂಟು. ಸಭೆಯಲ್ಲಿ ವಿಷಯವೊಂದನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಬದಿಗಿರಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಭಯ ದೇಶಗಳ ಸೇನಾಧಿಕಾರಿಗಳು ಈ ಪದದ ದೆಸೆಯಿಂದ ದೀರ್ಘವಾಗಿ ಕಟುವಾದ ವಾಗ್ವಾದ ನಡೆಸಿ, ಕೊನೆಗೆ ತಾವಿಬ್ಬರೂ ಬಯಸುತ್ತಿರುವುದು ಒಂದನ್ನೇ ಎಂದು ಕಂಡುಕೊಂಡುದನ್ನು ಚರ್ಚಿಲ್ ತಮ್ಮ ಯುದ್ಧೇತಿಹಾಸದಲ್ಲಿ ದಾಖಲಿಸಿದ್ದಾರೆ. ನಮ್ಮ ಕೂಟಗಳ ಕಾರ್ಯಕಾರಿ ಸಮಿತಿಗಳೂ ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಂಗ್ಲಿಷಿಗೆ ಮಾತ್ರ ಈ ವಿಲಕ್ಷಣತೆಯಿದೆಯೆಂದು ಹಮ್ಮುಪಡಬೇಕಾಗಿಲ್ಲ. ‘ಆರಾತ್’ ಎಂಬ ಸಂಸ್ಕೃತ ಅವ್ಯಯಕ್ಕೆ ದೂರ, ಸಮೀಪ ಎಂಬ ಎರಡೂ ಅರ್ಥಗಳನ್ನು ಅಮರಕೋಶವೇ ಹೇಳುತ್ತದೆ. ಋಗ್ವೇದದ ಹಳೆಯ ಭಾಗಗಳಲ್ಲಿ ‘ಅಸುರ’ ಎಂಬುದು ವರುಣನಂಥ ದೇವತೆಗಳಿಗೆ ಸಲ್ಲುವ ಗೌರವದ ಹೆಸರು. ಕಾಲಾಂತರದಲ್ಲಿ ಅದು ದೇವತೆಗಳ ಶತ್ರುವಿನ ಹೆಸರಾಯಿತು. ಅದರ ಮೊದಲ ‘ಅ’ಕಾರವನ್ನು ‘ಅಲ್ಲ’ ಎಂದು ಭಾವಿಸಿ, ಅದನ್ನು ಕಳಚಿ, ‘ಸುರ’ ಎಂಬ ಹೊಸ ಪದವನ್ನೇ ಸೃಷ್ಟಿಸಲಾಯಿತು. ವಿರುದ್ಧಪದ ಮೊದಲು ಹುಟ್ಟಿ ಮೂಲಪದ ಆಮೇಲೆ ಹುಟ್ಟಿದ ವಿಚಿತ್ರವಿದು! ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುತ್ತೇವೆ. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು ನಮ್ಮ ಹಿರಿಯ ಹೆಂಗಸರು. ಅಮಂಗಳವನ್ನು ಬಾಯಿಂದ ಆಡಬಾರದೆಂದು ಮಂಗಳದ ಪದವನ್ನೇ ಅದರ ಜಾಗದಲ್ಲಿ ಕೂರಿಸಿದ ಸಂಸ್ಕೃತಿ ನಮ್ಮದು.

ಪದದ ಮುಂದಣ ಸಣ್ಣ ಅಕ್ಷರ

ವಿರುದ್ಧಪದ ಮಾಡಲು ಪೂರ್ವಪ್ರತ್ಯಯ ಹಚ್ಚಿದರೆ ಸಾಕೆಂಬುದೂ ಶಾಲೆಯ ಪಾಠ. ಸಂಸ್ಕೃತದ ‘ಅ’ ಮತ್ತು ‘ಅನ್’, ಗ್ರೀಕಿನ ‘ಅ’ ಮತ್ತು ‘ಅನ್’, ಲ್ಯಾಟಿನ್ನಿನ ‘ಇನ್’, ಇಂಗ್ಲಿಷಿನ ‘ಅನ್’ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಅನಾಥ, ಅನೀಮಿಯಾಗಳ ಮೊದಲ ಅಕ್ಷರಗಳು ದೂರದ ದಾಯಾದಿಗಳು. ಆದರೆ ಲ್ಯಾಟಿನ್ನಿನಲ್ಲಿ ‘ಒಳಗೆ’ ಎಂಬ ಅರ್ಥದ ಇನ್ನೊಂದು ‘ಇನ್’ ಕೂಡ ಇದೆ. ‘ಇನ್‌ಫ್ಲೇಮಬಲ್’ ಪದದಲ್ಲಿರುವುದು ಈ ಎರಡನೆಯದು. ಹಾಗಾಗಿ ಅದರ ಅರ್ಥ ‘ಸುಲಭವಾಗಿ ಹೊತ್ತಿಕೊಳ್ಳುವ’ ಎಂದೇ. ಇದನ್ನು ‘ಹೊತ್ತಿಕೊಳ್ಳದ’ ಎಂದು ಭಾವಿಸಿ ಜನ ಅಪಾಯಕ್ಕೆ ಸಿಲುಕಬಾರದೆಂದು ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯವರು 1920ರ ದಶಕದಲ್ಲಿ ‘ಫ್ಲೇಮಬಲ್’ ಪದವನ್ನು ಬಳಕೆಗೆ ತರಲು ಶ್ರಮಿಸಿದರು. ಅಮೂಲ್ಯವೆಂದರೆ ಮೌಲ್ಯವಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು ಎಂಬುದನ್ನು ಬಲ್ಲ ಕನ್ನಡದ ಮಗುವಿಗೆ ‘ಇನ್‌ವ್ಯಾಲ್ಯುಬಲ್’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯಕೀಯದಲ್ಲಿ ‘ಹೈಪರ್’ ಎಂದರೆ ಹೆಚ್ಚು, ‘ಹೈಪೊ’ ಎಂದರೆ ಕಡಿಮೆ. ಇವು ಸಂಸ್ಕೃತದ ‘ಉಪರಿ’ ಮತ್ತು ‘ಉಪ’ಗಳ ಸಂಬಂಧಿಗಳು. ಅರ್ಥದಲ್ಲಿ ಉತ್ತರ ದಕ್ಷಿಣ, ಕಿವಿಗೆ ಮಾತ್ರ ಅವಳಿಜವಳಿ. ‘ನನಗೆ ಥೈರಾಯ್ಡ್ ಇದೆ’ ಎಂದಷ್ಟೇ ಹೇಳುವ ರೋಗಿಗೆ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆಯೋ ಕಡಿಮೆಯೋ ಎಂಬುದನ್ನು ತಿಳಿಯದೆ ಮಾತ್ರೆ ಕೊಡುವಂತಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ

ಇಷ್ಟೆಲ್ಲ ಹೇಳಿದ್ದು ಕೇವಲ ವಿನೋದಕ್ಕಲ್ಲ. ನಮ್ಮ ತಂದೆತಾಯಿಗಳು ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುತ್ತಾರೆ. ಕೆಲವರು ಇಲ್ಲಿಯೇ ನೆಲೆಸಿದ್ದಾರೆ. ಕಾಯಿಲೆ ಬಿದ್ದಾಗ ಅವರ ಮತ್ತು ವೈದ್ಯರ ನಡುವೆ ಪದಗಳು ನಿಂತಿರುತ್ತವೆ. ‘ಪರೀಕ್ಷೆಯ ಫಲಿತಾಂಶ ಪಾಸಿಟಿವ್’ ಎಂದರೆ ಒಳ್ಳೆಯ ಸುದ್ದಿಯೆಂದು ಹಿಗ್ಗುವವರಿದ್ದಾರೆ. ‘ನೆಗೆಟಿವ್’ ಎಂದರೆ ಮುಖ ಬಾಡಿಸಿಕೊಳ್ಳುವವರಿದ್ದಾರೆ. ಶಾಲೆಯ ಪಟ್ಟಿಯಲ್ಲಿ ಒಂದು ಶುಭ, ಒಂದು ಅಶುಭ. ಪ್ರಯೋಗಶಾಲೆಯಲ್ಲಿ ಅವುಗಳ ಅರ್ಥ ‘ಹುಡುಕಿದ್ದು ಸಿಕ್ಕಿತು’, ‘ಸಿಗಲಿಲ್ಲ’ ಎಂದಷ್ಟೇ. ‘ಅನ್‌ರಿಮಾರ್ಕಬಲ್’ ಎಂಬ ವರದಿಯನ್ನು ಓದಿ ಅವಮಾನವೆಂದು ತಿಳಿಯಬಾರದು. ನಿಮ್ಮ ಹೃದಯದ ಬಗ್ಗೆ ವೈದ್ಯ ಬರೆಯಬಹುದಾದ ಅತ್ಯುತ್ತಮ ವಿಶೇಷಣ ಅದು.

ಇದಕ್ಕಿಂತ ಸೂಕ್ಷ್ಮವಾದುದು ಹೌದು, ಇಲ್ಲಗಳ ವಿಚಾರ. ಜಗತ್ತಿನಲ್ಲಿ ಇವಕ್ಕಿಂತ ಸರಳವಾದ ವಿರುದ್ಧಪದಗಳುಂಟೇ? ಆದರೆ ‘ಎದೆಯಲ್ಲಿ ನೋವಿಲ್ಲ, ಅಲ್ಲವೇ?’ ಎಂದು ಕೇಳಿದರೆ ಕನ್ನಡಿಗರು ‘ಹೌದು’ ಎನ್ನುತ್ತಾರೆ. ‘ನೀವು ಹೇಳಿದ್ದು ಸರಿ, ನೋವಿಲ್ಲ’ ಎಂದು ಅದರ ತಾತ್ಪರ್ಯ. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ನೋವಿಲ್ಲದವರು ‘ನೋ’ ಎನ್ನಬೇಕು. ನಮ್ಮ ಹಿರಿಯರು ಕನ್ನಡದ ರೀತಿಯಲ್ಲಿ ‘ಯೆಸ್’ ಎಂದರೆ, ಎದೆನೋವಿದೆಯೆಂದು ದಾಖಲಾಗುತ್ತದೆ. ‘ನಿಮಗೆ ಯಾವ ಔಷಧದ ಅಲರ್ಜಿಯೂ ಇಲ್ಲ ತಾನೇ?’ ಎಂಬ ಪ್ರಶ್ನೆಗೆ ಅಲರ್ಜಿಯಿರುವವರು ‘ನೋ’ ಎಂದರೆ, ಅವರ ಮನಸ್ಸಿನಲ್ಲಿರುವುದು ‘ಹಾಗಲ್ಲ, ಇದೆ’ ಎಂಬುದು. ದಾದಿಯ ಕಿವಿಗೆ ಬಿದ್ದದ್ದು ‘ಇಲ್ಲ’ ಎಂಬುದು. ಇಲ್ಲಿ ತಪ್ಪು ಯಾರದ್ದೂ ಅಲ್ಲ. ಎರಡು ಭಾಷೆಗಳು ಎರಡು ಬಗೆಯಲ್ಲಿ ತಲೆದೂಗುತ್ತಿವೆ, ಅಷ್ಟೆ. ಆದರೆ ಅಪಾಯ ಮಾತ್ರ ರೋಗಿಯದು.

ಆದುದರಿಂದ ನನ್ನ ಕೆಲವು ವಿನಂತಿಗಳು. ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ದಾಗ ಪ್ರಶ್ನೆಗಳನ್ನು ನಿಷೇಧರೂಪದಲ್ಲಿ ಕೇಳಬೇಡಿ, ‘ನೋವು ಇದೆಯೇ?’ ಎಂದು ನೇರವಾಗಿ ಕೇಳಿ. ಉತ್ತರ ಒಂದೇ ಪದದಲ್ಲಿರದೆ ಪೂರ್ಣ ವಾಕ್ಯದಲ್ಲಿರಲಿ: ‘ನೋವು ಇದೆ’, ‘ನೋವು ಇಲ್ಲ’. ವೈದ್ಯರು ಹೇಳಿದ್ದನ್ನು ಹಿರಿಯರ ಬಾಯಿಂದ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸಿ. ಎಂಟು ಹತ್ತು ವರ್ಷದ ಮೊಮ್ಮಕ್ಕಳ ಮೇಲೆ ದುಭಾಷಿಯ ಹೊರೆಯನ್ನು ಹೊರಿಸಬೇಡಿ. ಅಮೆರಿಕದಲ್ಲಿ, ಫೆಡರಲ್ ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದೂ, ತುರ್ತು ಸ್ಥಿತಿಯ ಹೊರತು ಮಕ್ಕಳನ್ನು ಆ ಕೆಲಸಕ್ಕೆ ಬಳಸಬಾರದೆಂದೂ 2016ರ ನಿಯಮ ಸ್ಪಷ್ಟಪಡಿಸಿತು. ಕೇಳಿ ಪಡೆಯಲು ಸಂಕೋಚ ಬೇಡ.

ಮಕ್ಕಳಿಗೂ ಒಂದು ಮಾತು. ನಿಮಗೆ ಇಂಗ್ಲಿಷ್ ಪದಗಳ ವಿರುದ್ಧಪದ ಕ್ಷಣಮಾತ್ರದಲ್ಲಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದು ಕೊಡುವುದು ಪದವನ್ನು. ಯಾವ ಸಂದರ್ಭದಲ್ಲಿ, ಯಾರಿಗೆ, ಯಾವ ಅರ್ಥದಲ್ಲಿ ಎಂಬುದನ್ನು ನೀವೇ ಕೂಡಿಸಬೇಕು. ಅದಕ್ಕೆ ಎರಡು ಭಾಷೆಗಳನ್ನು ಬಲ್ಲವರಿಗಿಂತ ಹೆಚ್ಚು ಅರ್ಹರಿಲ್ಲ. ಹಳೆಯದಕ್ಕೂ ಮುದಿಗೂ ಇರುವ ಭೇದ, ‘ಅಲ್ಲ’ಕ್ಕೂ ‘ಇಲ್ಲ’ಕ್ಕೂ ಇರುವ ಭೇದ ನಿಮ್ಮ ಮನೆಮಾತಿನಲ್ಲಿ ಬಿಟ್ಟಿಯಾಗಿ ಸಿಕ್ಕಿದೆ. ವಲಸೆ ಬಂದ ಮನೆಯ ಮಗನಾದ ರೋಜೆ ಇಂಗ್ಲಿಷಿಗೆ ಅಂಥ ಭಂಡಾರವನ್ನು ಕಟ್ಟಿಕೊಟ್ಟದ್ದನ್ನು ನೆನೆದರೆ, ನೀವೂ ಏಕೆ ಕಟ್ಟಬಾರದೆಂದು ಅನ್ನಿಸುತ್ತದೆ.

ಪದಗಳು ಎದುರುಬದುರಾಗಿ ನಿಂತ ಮಾತ್ರಕ್ಕೆ ಶತ್ರುಗಳಾಗುವುದಿಲ್ಲ. ಒಂದರ ಮುಖ ಇನ್ನೊಂದರ ಕನ್ನಡಿಯಲ್ಲಿ ಕಾಣುತ್ತದೆ. ಕನ್ನಡ, ಇಂಗ್ಲಿಷುಗಳನ್ನು ನಮ್ಮ ಮನೆಗಳಲ್ಲಿ ಹಾಗೆಯೇ ಒಂದೇ ಪುಟದ ಎರಡು ಅಂಕಣಗಳಂತೆ ಉಳಿಸಿಕೊಳ್ಳೋಣ.